ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಕ್ಯಾಮರಾ ಇರಲಿ



ಗ್ಯಾಸಿನ ದರ, ಲೈಸನ್ಸಿನ ತಾಪತ್ರಯ, ಹುಡುಗರ ಅಭಾವ. ನಾವು ನಾಲ್ಕು ಮಂದಿ ಸೇರಿದರೆ ಆಡುವ ಮಾತು ಇಷ್ಟೇ. ಇಂಥದರ ನಡುವೆ ಕ್ಯಾಮರಾದ ವಿಷಯ ಎತ್ತಿದರೆ "ಇವರಿಗೆ ಬೇರೆ ಕೆಲಸ ಇಲ್ಲವೇ" ಎಂದು ಕೆಲವರು ನಕ್ಕಾರು. ನಗಲಿ, ಬೇಸರವಿಲ್ಲ. ಪೂರ್ತಿ ಓದಿದ ಮೇಲೆ ನಗಲಿ ಎಂಬುದಷ್ಟೇ ನಮ್ಮ ವಿನಂತಿ.

ನಮ್ಮದು ಮುಲುಂಡ್ ಪಶ್ಚಿಮದಲ್ಲಿ ಹದಿನಾಲ್ಕು ಟೇಬಲಿನ ಸಣ್ಣ ಹೋಟೇಲು. ಕಾವಲಿಯ ಮುಂದೆ ಇಪ್ಪತ್ತೇಳು ವರ್ಷ ನಿಂತು ದೋಸೆ ಹೊಯ್ದವರು ಕುಂದಾಪುರ ಕಡೆಯ ಒಬ್ಬರು. ವಯಸ್ಸಾಯಿತೆಂದು ಊರಿಗೆ ಹೋದವರು ಎರಡೇ ವರ್ಷದಲ್ಲಿ ತೀರಿಕೊಂಡರು. ಹದಿಮೂರನೆಯ ದಿನಕ್ಕೆ ಮುಂಚೆ ಅವರ ಮಗಳ ಫೋನು ಬಂತು: "ಶೆಟ್ರೇ, ಅಪ್ಪ ದೋಸೆ ಹೊಯ್ಯುವ ಫೋಟೋ ಒಂದಿದ್ದರೆ ಕಳಿಸಿ. ಅವರು ಬೊಂಬಾಯಿಯಲ್ಲಿ ಹೇಗೆ ಕೆಲಸ ಮಾಡುತ್ತಿದ್ದರು ಅಂತ ನಾವ್ಯಾರೂ ನೋಡಿಲ್ಲ."

ಕಪಾಟು ತೆರೆದು ಹುಡುಕಿದೆವು. ಉದ್ಘಾಟನೆಯ ಫೋಟೋ ಇತ್ತು. ಅತಿಥಿಗಳಿಗೆ ಹಾರ ಹಾಕಿದ್ದು, ಲಕ್ಷ್ಮೀಪೂಜೆ, ನಮ್ಮ ಮಕ್ಕಳ ಹುಟ್ಟುಹಬ್ಬ, ಎಲ್ಲವೂ ಇತ್ತು. ಅವರದೆಂದು ಸಿಕ್ಕಿದ್ದು ಒಂದು ಚಿತ್ರದ ಅಂಚಿನಲ್ಲಿ ಬಂದ ಮೊಣಕೈ ಮಾತ್ರ. ಕೊನೆಗೆ ಮೆಡಿಕಲ್ ಸರ್ಟಿಫಿಕೇಟಿನ ಫೈಲಿನಿಂದ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದು ಕಳಿಸಿದೆವು. ಇಪ್ಪತ್ತೇಳು ವರ್ಷದ ದುಡಿಮೆಗೆ ನಾವು ಕೊಡಲಾದದ್ದು ಅಷ್ಟೇ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅದೇ ತಿಂಗಳು ಇನ್ನೊಂದು ಸಂಗತಿ ನಡೆಯಿತು. ಮನೆಗೆ ಊಟ ತಲುಪಿಸುವ ಆ್ಯಪಿನಲ್ಲಿ ನಮ್ಮ ಹೆಸರಿನ ಕೆಳಗೆ ಹಾಕಿದ್ದ ಚಿತ್ರಗಳು ನಮ್ಮವಲ್ಲ. ಹುಡುಗನೊಬ್ಬ ಇಂಟರ್‌ನೆಟ್ಟಿನಿಂದ ಎತ್ತಿ ಹಾಕಿದ್ದ, ನಾವೂ ಕಣ್ಣು ಮುಚ್ಚಿಕೊಂಡಿದ್ದೆವು. ಗಿರಾಕಿಯೊಬ್ಬರು ಮೊಬೈಲು ಹಿಡಿದುಕೊಂಡು ಬಂದು, "ಇದರಲ್ಲಿ ಇಡ್ಲಿಗೆ ಮೂರು ಚಟ್ನಿ ಇದೆ, ನನಗೆ ಬಂದದ್ದು ಒಂದು" ಎಂದರು. ಉತ್ತರ ಕೊಡಲು ನಮ್ಮಲ್ಲಿ ಬಾಯಿ ಇರಲಿಲ್ಲ. ಬೇರೆಯವರು ತೆಗೆದ ಚಿತ್ರಕ್ಕೆ ಕಾಪಿರೈಟ್ ಇರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವೂ ಇದೆ. ಕಾನೂನು ಹಾಗಿರಲಿ, ನಮ್ಮ ಅಡಿಗೆಯ ಮೇಲೆ ನಮಗೇ ನಂಬಿಕೆ ಇಲ್ಲವೆಂದು ಊರಿಗೆಲ್ಲ ಸಾರಿದಂತಾಯಿತಲ್ಲ!

ಮಗನ ಹಳೆಯ ಡಿಜಿಟಲ್ ಕ್ಯಾಮರಾ ಮನೆಯಲ್ಲಿ ಧೂಳು ತಿನ್ನುತ್ತಿತ್ತು. ತಂದು ಪ್ರಯತ್ನಿಸಿದೆವು. ನಮ್ಮ ಹೋಟೇಲಿನ ಬೆಳಕಿನಲ್ಲಿ ಎಲ್ಲವೂ ಮಸುಕು. ಫ್ಲ್ಯಾಶ್ ಹಾಕಿದರೆ ಸಾಂಬಾರಿನ ಮೇಲಿನ ಎಣ್ಣೆ ಮಾತ್ರ ಫಳಫಳ, ದೋಸೆ ಪ್ಲಾಸ್ಟಿಕ್ಕಿನಂತೆ. ಆಗ ಪರಿಚಯದ ಫೋಟೋಗ್ರಾಫರೊಬ್ಬರು ಹೇಳಿದರು: "ಕ್ಯಾಮರಾ ಬದಲಾಯಿಸಬೇಡಿ. 50 ಎಂ.ಎಂ. 1.8 ಲೆನ್ಸ್ ಒಂದು ತಗೊಳ್ಳಿ." ಕೋಟೆಯ ಬೋರಾ ಬಜಾರಿಗೆ ಹೋಗಿ ಎಂಟೂವರೆ ಸಾವಿರಕ್ಕೆ ತಂದೆವು. ಎರಡು ಸಲ ಪೇಂಟು ಹೊಡೆಸಿದ ಬೋರ್ಡಿಗೆ ಅದಕ್ಕಿಂತ ಹೆಚ್ಚು ಖರ್ಚಾಗಿದೆ.

ಇದಕ್ಕೆ ಪ್ರೈಮ್ ಲೆನ್ಸ್ ಎನ್ನುತ್ತಾರೆ. ಝೂಮ್ ಆಗುವುದಿಲ್ಲ. ಹತ್ತಿರ ಬೇಕೆಂದರೆ ನಾವೇ ಹತ್ತಿರ ಹೋಗಬೇಕು, ದೂರ ಬೇಕೆಂದರೆ ನಾವೇ ಹಿಂದೆ ಸರಿಯಬೇಕು. ಇದರ ಗುಣ ಇಷ್ಟೇ: ಬಾಗಿಲು ದೊಡ್ಡದು. ಕ್ಯಾಮರಾದ ಜೊತೆ ಬರುವ ಝೂಮ್ ಲೆನ್ಸನ್ನು 50ರ ಆಸುಪಾಸಿಗೆ ತಂದಾಗ 5.6ರಷ್ಟೇ ತೆರೆಯುತ್ತದೆ. ಇದು 1.8ರವರೆಗೆ ತೆರೆಯುತ್ತದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತು ಪಾಲು ಹೆಚ್ಚು ಬೆಳಕು. ನಮ್ಮಂಥ ಗುಹೆಯಂಥ ಹೋಟೇಲುಗಳಿಗೆ ಹೇಳಿ ಮಾಡಿಸಿದ್ದು.

ಆದರೆ ಬಾಗಿಲು ಇದೆಯೆಂದು ಪೂರ್ತಿ ತೆರೆದಿಡಬಾರದು. 1.8ರಲ್ಲಿ ತೆಗೆದರೆ ದೋಸೆಯ ಮುಂದಿನ ಅಂಚು ಸ್ಪಷ್ಟ, ಹಿಂದಿನದು ಮಂಜು. ತಟ್ಟೆಗೆ 2.8 ಅಥವಾ 4 ಸಾಕು. ಬೆಳಿಗ್ಗೆ ಬಾಗಿಲ ಬದಿಯ ಟೇಬಲಿನಲ್ಲಿ ಟ್ಯೂಬ್‌ಲೈಟ್ ಆರಿಸಿ ತೆಗೆಯಿರಿ, ಎರಡು ಬಣ್ಣದ ಬೆಳಕು ಬೆರೆತರೆ ಚಟ್ನಿ ಹಸಿರಾಗಿ ಕಾಣುತ್ತದೆ. ಇಡ್ಲಿಯ ಹಬೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಸಣ್ಣ ಸೆನ್ಸಾರಿನ ಮಾಮೂಲಿ ಕ್ಯಾಮರಾದಲ್ಲಿ ಊಟದ ತಟ್ಟೆ ಪೂರ್ತಿ ಬರಲು ಸುಮಾರು ಮೂರಡಿ ಹಿಂದೆ ನಿಲ್ಲಬೇಕು. ಅಷ್ಟೂ ಜಾಗವಿಲ್ಲದವರು 35 ಎಂ.ಎಂ. ಲೆನ್ಸ್ ನೋಡಬಹುದು. ನಿಕಾನಿನವರು ಅಂಥ ಕ್ಯಾಮರಾಗಳಿಗಾಗಿಯೇ 2009ರಲ್ಲಿ 35ರ 1.8 ತಂದಿದ್ದರು. ಕೊಳ್ಳುವಾಗ ನಿಮ್ಮ ಕ್ಯಾಮರಾ ಜೊತೆಗೇ ಒಯ್ಯಿರಿ. ಒಂದು ಕಂಪೆನಿಯ ಲೆನ್ಸ್ ಇನ್ನೊಂದಕ್ಕೆ ಕೂಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ಆದರೆ ಬೆಳಕಿಗೆ ಹಿಡಿದು ಒಳಗೆ ಬೂಸ್ಟು ಇದೆಯೇ ನೋಡಿ. ನಮ್ಮ ಮುಂಬಯಿ ಮಳೆಗಾಲಕ್ಕೆ ಹಪ್ಪಳ ಮಾತ್ರವಲ್ಲ, ಲೆನ್ಸೂ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

"ಮೊಬೈಲ್ ಇಲ್ಲವೇ?" ಎಂದು ಕೇಳುವಿರಿ. ಇದೆ, ಒಳ್ಳೆಯದೂ ಇದೆ. ಕ್ಯಾಮರಾ ಇಲ್ಲದವರು ಅದರಲ್ಲೇ ಇಂದೇ ಆರಂಭಿಸಲಿ. ಆದರೆ ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಮುಂದಿನ ವಡೆ ಊದಿ ದೊಡ್ಡದಾಗಿ, ಹಿಂದಿನದು ಬಟಾಣಿಯಂತೆ ಕಾಣುತ್ತದೆ. ತೆಗೆದ ಚಿತ್ರ ಸಾವಿರಾರು ಮೆಸೇಜುಗಳ ಕೆಳಗೆ ಹೂತೂ ಹೋಗುತ್ತದೆ.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಹೆಸರು ನಮ್ಮಲ್ಲಿ ಹಲವರು ಕೇಳಿದ್ದೀರಿ. 1977ರಲ್ಲಿ ಪದ್ಮಶ್ರೀ ಪಡೆದ ಅವರ ಹೆಸರು ಉಳಿದದ್ದು ದೊಡ್ಡವರ ಚಿತ್ರಗಳಿಂದ ಮಾತ್ರವಲ್ಲ, ದಿನನಿತ್ಯದ ಸಾಮಾನ್ಯ ಜನರನ್ನು, ಮಕ್ಕಳನ್ನು ಪ್ರೀತಿಯಿಂದ ನೋಡಿ ತೆಗೆದ ಚಿತ್ರಗಳಿಂದ. ನಾವು ಸತ್ಯನ್ ಆಗಲಾರೆವು. ಆದರೆ ನಮ್ಮ ಹೋಟೇಲಿನ ಒಳಗೆ ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಇರುವವರು ನಾವೇ ತಾನೇ? ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಕಟ್ಟಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತೆ ಬಾಳಿದ ಮನೆಗಳು ಕೆಲವೇ. ನಮ್ಮಲ್ಲಿ ಹೆಚ್ಚಿನವು ಸದ್ದಿಲ್ಲದೆ ಮುಚ್ಚುತ್ತವೆ, ಇಲ್ಲವೇ ಕೈ ಬದಲಾಗುತ್ತವೆ. ಮುಚ್ಚಿದ ಮೇಲೆ ಅಲ್ಲಿ ಯಾರು ಬೆವರು ಸುರಿಸಿದರು ಎಂಬುದಕ್ಕೆ ಸಾಕ್ಷಿ ಯಾವುದು?

ಈಗ ನಾವು ಮಾಡುವುದಿಷ್ಟು. ದಿನಕ್ಕೆ ಒಂದು ತಟ್ಟೆ, ಒಬ್ಬ ಮನುಷ್ಯ. ತಟ್ಟೆಯಲ್ಲಿ ಬಡಿಸುವುದನ್ನೇ ತೆಗೆಯುತ್ತೇವೆ, ಚಟ್ನಿ ಒಂದಾದರೆ ಚಿತ್ರದಲ್ಲೂ ಒಂದೇ. ಹುಡುಗರನ್ನು ಕೇಳಿ ಒಪ್ಪಿದರೆ ಮಾತ್ರ ತೆಗೆದು, ಪ್ರಿಂಟ್ ಹಾಕಿಸಿ ಕೈಗೆ ಕೊಡುತ್ತೇವೆ. ತಟ್ಟೆ ತೊಳೆಯುವ ಹುಡುಗ ಆ ಪ್ರಿಂಟನ್ನು ಊರಿನ ಅಮ್ಮನಿಗೆ ಪೋಸ್ಟಿನಲ್ಲಿ ಕಳಿಸಿದ. ಮೊಬೈಲಿನಲ್ಲೇ ಕಳಿಸಬಹುದಿತ್ತಲ್ಲ ಎಂದರೆ, "ಗೋಡೆಗೆ ಹಾಕ್ಲಿ ಅಂತ" ಎಂದ.

ವ್ಯಾಪಾರ ಇದರಿಂದ ದುಪ್ಪಟ್ಟಾಯಿತೆಂದು ನಾವು ಸುಳ್ಳು ಹೇಳುವುದಿಲ್ಲ. ಚಟ್ನಿಯ ಜಗಳ ನಿಂತಿದೆ, ಅಷ್ಟು ನಿಜ. ಆದರೆ ಕಾವಲಿಯ ಮುಂದೆ ನಿಂತವರ ಮುಖ ಇನ್ನು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಹಾಗಾಗಿ ಸದಸ್ಯ ಬಂಧುಗಳಲ್ಲಿ ನಮ್ಮ ಕಳಕಳಿಯ ಮನವಿ: ನಾಳೆ ಬೆಳಿಗ್ಗೆ ಮೊದಲ ದೋಸೆ ಹೊಯ್ಯುವಾಗ ಗಲ್ಲಾಪೆಟ್ಟಿಗೆ ಬಿಟ್ಟು ಏಳಿ. ಮೂರಡಿ ದೂರದಲ್ಲಿ ನಿಂತು ಒಂದು ಚಿತ್ರ ತೆಗೆಯಿರಿ. ಯಾವುದೋ ಊರಿನಲ್ಲಿ ಯಾರದೋ ಮಗಳು ಒಂದು ದಿನ ಅದನ್ನು ಕೇಳಿಯಾಳು.