ನೀರು ಕೇಳಿ ಬಂದವರ ಕಥೆ: ನಮ್ಮದೇ ಸ್ಲ್ಯಾಷರ್, ಅದರ ಸೀಕ್ವೆಲ್‌ಗಳು

ಸ್ಕ್ರೀಮ್ ಸರಣಿಯ ಏಳನೇ ಸಿನಿಮಾ 2026ರ ಫೆಬ್ರವರಿಯಲ್ಲಿ ಬಂತು. 1996ರ ಮೊದಲ ಸಿನಿಮಾ ಬರೆದ ಕೆವಿನ್ ವಿಲಿಯಮ್ಸನ್ ಈ ಸಲ ತಾವೇ ಡೈರೆಕ್ಟರ್. ನೆವ್ ಕ್ಯಾಂಪ್‌ಬೆಲ್ ಕೂಡ ವಾಪಸ್. ಒಬ್ಬ ಕೊಲೆಗಾರ, ಒಂದು ಚಾಕು, ಒಬ್ಬೊಬ್ಬರೇ ಕಮ್ಮಿಯಾಗುತ್ತಾ ಹೋಗುವ ಪಾತ್ರಗಳು: ಈ ಸ್ಲ್ಯಾಷರ್ ಜಾತಿಯ ಸಿನಿಮಾ ಇಷ್ಟಪಡೋ ನಮ್ಮಂಥವರಿಗೆ ಅದೊಂದು ಹಬ್ಬ. ಇಂಥ ಸಿನಿಮಾ ಬಂದಾಗಲೆಲ್ಲ ಆಫೀಸಿನಲ್ಲಿ ಯಾರಾದರೊಬ್ಬರು ಕೇಳೇ ಕೇಳ್ತಾರೆ: "ಕನ್ನಡದಲ್ಲಿ ಇಂಥದ್ದು ಯಾಕೆ ಬರಲ್ಲ?"

ಬಂದಿದೆ ಗುರೂ. ಒಂದಲ್ಲ, ನಾಲ್ಕು. ದಂಡುಪಾಳ್ಯ.

2012ರಲ್ಲಿ ಶ್ರೀನಿವಾಸ ರಾಜು ಮಾಡಿದ ಮೊದಲ ಭಾಗವನ್ನು ಕ್ರೈಮ್ ಸಿನಿಮಾ ಅಂತ ಕರೀತಾರೆ. ನನ್ನ ಪ್ರಕಾರ ಅದು ಅಪ್ಪಟ ಸ್ಲ್ಯಾಷರ್. ಹಾಡಹಗಲು, ಮನೆ, ಒಂಟಿ ಹೆಂಗಸು, ಬಾಗಿಲು ತಟ್ಟೋ ಸದ್ದು. 'ಮುಂಗಾರು ಮಳೆ'ಯ ಹುಡುಗಿ ಪೂಜಾ ಗಾಂಧಿ ಇಲ್ಲಿ ಬೀಡಿ ಸೇದುವ ಲಕ್ಷ್ಮಿ. ಜೊತೆಗೆ ಮಕರಂದ್ ದೇಶಪಾಂಡೆ. ಎದುರಿಗೆ ಇನ್‌ಸ್ಪೆಕ್ಟರ್ ಚಲಪತಿಯಾಗಿ ರವಿಶಂಕರ್. ಆ ಸಿನಿಮಾ ನೋಡಿ ಮನೆಗೆ ಹೋದವರು ಆ ರಾತ್ರಿ ಚಿಲಕ ಎರಡು ಸಲ ನೋಡಿರ್ತಾರೆ, ಬೇಕಾದರೆ ಬೆಟ್ ಕಟ್ತೀನಿ.

ಹೆದರಿಕೆಗೆ ಕಾರಣ ರಕ್ತ ಅಲ್ಲ. ಅಮೆರಿಕದ ಕೊಲೆಗಾರ ಮುಖವಾಡ ಹಾಕಿಕೊಂಡು ಬರ್ತಾನೆ, ದೂರದಿಂದಲೇ ಗುರುತು ಸಿಗುತ್ತೆ. ಇಲ್ಲಿ ಬರೋರು "ಅಮ್ಮಾ, ಸ್ವಲ್ಪ ನೀರು ಕೊಡಿ" ಅಂತ ಬರ್ತಾರೆ. ನೀರು ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಹೇಳಿಕೊಟ್ಟು ಬೆಳೆಸಿದ ಊರು ನಮ್ಮದು. ಚಿಕ್ಕಪೇಟೆಯ ಹಳೇ ಮನೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ. ಹಗಲೆಲ್ಲ ಬಾಗಿಲು ಅರ್ಧ ತೆರೆದೇ ಇರುತ್ತೆ. ಬಸವನಗುಡಿ, ಮಲ್ಲೇಶ್ವರದಲ್ಲಿ ಮಕ್ಕಳು ಬೆಳಿಗ್ಗೆ ವೈಟ್‌ಫೀಲ್ಡ್ ಕಡೆ ಹೊರಟರೆ ಮನೆಯಲ್ಲಿ ಉಳಿಯೋದು ವಯಸ್ಸಾದ ಅಪ್ಪ ಅಮ್ಮ. ಸಿನಿಮಾ ಕೈ ಹಾಕಿದ್ದು ನೇರ ಅಲ್ಲಿಗೇ.

ಅದು ಕಟ್ಟುಕಥೆಯೂ ಅಲ್ಲ. ಹೊಸಕೋಟೆ ಕಡೆಯ ದಂಡುಪಾಳ್ಯದ ಹೆಸರು ಅಂಟಿಕೊಂಡ ಗ್ಯಾಂಗೊಂದು 90ರ ದಶಕದಲ್ಲಿ ನಿಜವಾಗಿ ರಾಜ್ಯವನ್ನು ನಡುಗಿಸಿತ್ತು. ಪರಪ್ಪನ ಅಗ್ರಹಾರದ ಜೈಲಿನಲ್ಲೇ ವಿಶೇಷ ನ್ಯಾಯಾಲಯ ಕೂತು ವಿಚಾರಣೆ ನಡೆಸಿತು. ಗಲ್ಲು ಶಿಕ್ಷೆಗಳೂ ಆದವು.

ಈಗ ಸೀಕ್ವೆಲ್‌ಗೆ ಬರೋಣ. ಸ್ಕ್ರೀಮ್ ಎರಡನೇ ಭಾಗದಲ್ಲಿ ಒಂದು ಪಾತ್ರ ಸೀಕ್ವೆಲ್‌ನ ನಿಯಮ ಹೇಳುತ್ತೆ: ಹೆಣಗಳು ಜಾಸ್ತಿ ಆಗಬೇಕು, ಕೊಲೆಗಳು ಇನ್ನೂ ಅದ್ದೂರಿ ಆಗಬೇಕು. ಬಹುತೇಕ ಸರಣಿಗಳು ಈ ದಾರಿಯಲ್ಲೇ ಹೋಗಿ ಹಾಳಾದವು. ದಂಡುಪಾಳ್ಯ 2 ಹಾಗೆ ಮಾಡಲಿಲ್ಲ. ಮೊದಲನೆಯದನ್ನೇ ಅನುಮಾನಕ್ಕೆ ಒಡ್ಡಿತು.

2017ರ ಜುಲೈನಲ್ಲಿ ಬಂದ ಆ ಭಾಗದಲ್ಲಿ ಶ್ರುತಿ ಪತ್ರಕರ್ತೆ. ಗ್ಯಾಂಗಿನವರು ಹೇಳುವ ಕಥೆಯನ್ನು ಆಕೆ ಕೇಳಿಸಿಕೊಳ್ತಾಳೆ: ಪೊಲೀಸರು ಹಿಡಿದರು, ಹೊಡೆದರು, ಒಪ್ಪಿಸಿದರು. ಅಂದರೆ ಮೊದಲ ಭಾಗದಲ್ಲಿ ನಾವು ಕಣ್ಣಾರೆ ಕಂಡ ಕೊಲೆಗಳು ಠಾಣೆಯಲ್ಲಿ ಬರೆಸಿದ ಕಥೆ ಇರಬಹುದಾ? 2018ರ ಹ್ಯಾಲೋವೀನ್ ತನ್ನ ಹಿಂದಿನ ಸೀಕ್ವೆಲ್‌ಗಳನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿತು. ಆದರೆ 1978ರ ಮೂಲ ಸಿನಿಮಾವನ್ನು ಮುಟ್ಟಲಿಲ್ಲ. ನಮ್ಮವರು ಮೂಲಕ್ಕೇ ಕೈ ಹಾಕಿದರು. ಇಷ್ಟು ಧೈರ್ಯ ನಾನು ಬೇರೆ ಸ್ಲ್ಯಾಷರ್ ಸರಣಿಯಲ್ಲಿ ನೋಡಿಲ್ಲ.

ಪ್ರಶ್ನೆಯೂ ಸರಿಯಾದದ್ದೇ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯ ಆಗಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನೇ ಹೇಳ್ತಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಹಾಗೇ ಇದೆ, 23ನೇ ಸೆಕ್ಷನ್. ಒಂದು ವಿನಾಯಿತಿ ಮಾತ್ರ ಉಂಟು: ಆರೋಪಿ ಹೇಳಿದ್ದರಿಂದ ಕದ್ದ ಸರವೋ ಚಾಕುವೋ ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಲೆಕ್ಕಕ್ಕೆ ಬರುತ್ತೆ. ಕಾನೂನು ಹೀಗೆ ಅಳೆದು ಸುರಿದು ಬರೆದಿರೋದೇ ಹೊಡೆದರೆ ಯಾರು ಬೇಕಾದರೂ ಏನು ಬೇಕಾದರೂ ಒಪ್ಪಿಕೊಳ್ತಾರೆ ಅನ್ನೋ ಕಾರಣಕ್ಕೆ. ಒಂದು ಕಮರ್ಷಿಯಲ್ ಸಿನಿಮಾ ಇದನ್ನು ಫ್ರಂಟ್ ಬೆಂಚಿನ ಪ್ರೇಕ್ಷಕನ ಮುಂದಿಟ್ಟಿದ್ದು ಸಣ್ಣ ವಿಷಯ ಅಲ್ಲ.

ಎಡವಿದ್ದು ಎಲ್ಲಿ ಅಂದರೆ, ಅನುಮಾನ ಹುಟ್ಟಿಸೋ ಕೆಲಸವನ್ನು ಸಿನಿಮಾ ಹೊಡೆತಕ್ಕೇ ಬಿಟ್ಟುಬಿಟ್ಟಿತು. ಸಾಕ್ಷಿ ಯಾರು, ಒಡವೆ ಎಲ್ಲಿ ಸಿಕ್ಕಿತು, ಆ ದಿನ ಇವರು ಎಲ್ಲಿದ್ದರು ಅನ್ನೋ ವಿವರ ಕಮ್ಮಿ. ಲಾಠಿ, ಕಿರುಚಾಟ ಜಾಸ್ತಿ. ಮೊದಲ ಭಾಗ ಚಾಕುವಿನಲ್ಲಿ ಕೊಟ್ಟ ಥ್ರಿಲ್ ಅನ್ನು ಎರಡನೆಯದು ಲಾಠಿಯಲ್ಲಿ ಕೊಡ್ತು, ಅಷ್ಟೇ. 2018ರ ಮೂರನೇ ಭಾಗ ಮತ್ತೆ ಪೊಲೀಸರ ಕಡೆಯ ಕಥೆಗೆ ಮರಳಿತು. 2019ರ ನಾಲ್ಕನೆಯದರಲ್ಲಿ ನಿರ್ದೇಶಕ ಕೆ.ಟಿ. ನಾಯಕ್, ಮುಖ್ಯ ಪಾತ್ರದಲ್ಲಿ ಸುಮನ್ ರಂಗನಾಥನ್. ಅಷ್ಟೊತ್ತಿಗೆ ದಂಡುಪಾಳ್ಯ ಅನ್ನೋದು ಟೈಟಲ್ ಕಾರ್ಡಿಗೆ ಸಿಕ್ಕ ಬ್ರ್ಯಾಂಡ್ ಆಗಿತ್ತು.

ನಾಲ್ಕು ಸಿನಿಮಾ ಸೇರಿಸಿ ನೋಡಿದರೆ ನನಗೆ ಕಾಡೋದು ಬೇರೆ. ಒಂದರಲ್ಲಿ ಪೊಲೀಸರ ಪಕ್ಷ, ಇನ್ನೊಂದರಲ್ಲಿ ಗ್ಯಾಂಗಿನ ಪಕ್ಷ. ಸತ್ತವರ ಪಕ್ಷ ಯಾವುದರಲ್ಲೂ ಇಲ್ಲ. ಬಾಗಿಲು ತೆರೆಯೋಕೆ ಬರ್ತಾರೆ, ನೀರು ತರೋಕೆ ತಿರುಗ್ತಾರೆ, ಮುಗೀತು. ಸ್ಕ್ರೀಮ್‌ನಲ್ಲಿ ಸತ್ತವರು ಹೀಗೆ ಬಂದು ಹೋದರೆ ಪರವಾಗಿಲ್ಲ, ಅವರನ್ನು ಹುಟ್ಟಿಸಿದವರೇ ಬರಹಗಾರರು. ಅಲ್ಲೂ ಏಳು ಸಿನಿಮಾ ಸರಣಿಯನ್ನು ಹಿಡಿದಿಟ್ಟಿರೋದು ಮುಖವಾಡಕ್ಕಿಂತ ಹೆಚ್ಚಾಗಿ ಬದುಕುಳಿದ ಸಿಡ್ನಿ. ಆಕೆಗೆ ಈಗ ಬೆಳೆದ ಮಗಳಿದ್ದಾಳೆ, ಹಳೇ ಭಯ ಆ ಮಗಳ ತನಕ ಬಂದಿದೆ. ನಮ್ಮ ಸರಣಿಗೆ ಒಬ್ಬ ಸಿಡ್ನಿ ಸಿಗಲೇ ಇಲ್ಲ.

ಭಯವೂ ಯಾರ ಮೇಲೋ ಹೋಗಿ ಬೀಳುತ್ತೆ. ದಂಡುಪಾಳ್ಯದಲ್ಲಿ ಈಗಲೂ ಜನ ಬದುಕ್ತಿದ್ದಾರೆ, ಊರಿನ ಹೆಸರು ಮಾತ್ರ ಬೈಗುಳ. ಗಲಾಟೆ ಮಾಡೋ ಮಕ್ಕಳಿಗೂ "ದಂಡುಪಾಳ್ಯ ಗ್ಯಾಂಗ್ ಥರ ಆಡ್ತೀರಲ್ರೋ" ಅಂತೀವಿ. ಮಾಸಿದ ಬಟ್ಟೆ, ಕೆದರಿದ ಕೂದಲು, ಕೈಯಲ್ಲಿ ಚೀಲ: ಈ ವೇಷದವರು ಬಂದರೆ ಹೆದರು ಅಂತ ಸಿನಿಮಾ ನಮಗೆ ಕಲಿಸಿತು. ಬಿಸಿಲಲ್ಲಿ ಮೆಟ್ಟಿಲು ಹತ್ತಿ ಬಂದ ಡೆಲಿವರಿ ಹುಡುಗ ನೀರು ಕೇಳಿದಾಗ ನಮ್ಮ ದೊಡ್ಡಮ್ಮ ಗ್ರಿಲ್ ತೆಗೆಯಲ್ಲ. ಸರಳಿನ ಸಂದಿಯಲ್ಲಿ ಬಾಟಲಿ ಕೊಡ್ತಾರೆ. "ಏನು ದೊಡ್ಡಮ್ಮ ಇದು" ಅಂದರೆ, "ನೀರು ಕೊಟ್ಟಿದ್ದೀನಲ್ಲಪ್ಪ, ಇನ್ನೇನು ಮಾಡ್ಲಿ? ಮನೇಲಿ ಒಬ್ಬಳೇ ಇರೋಳು" ಅಂತಾರೆ. ಅವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆ ಹುಡುಗನ ತಪ್ಪಂತೂ ಮೊದಲೇ ಇಲ್ಲ.

ಹಾಗಾಗಿ ವೀಕೆಂಡಿಗೆ ನನ್ನ ಸಲಹೆ. ಮೊದಲ ಭಾಗ ನೋಡಿ, ಗಟ್ಟಿ ಸ್ಲ್ಯಾಷರ್. ಎರಡನೆಯದನ್ನು ಆ ಪ್ರಶ್ನೆಗೋಸ್ಕರ ನೋಡಿ, ಹೊಡೆತದ ಸೀನ್‌ಗಳನ್ನು ಓಡಿಸಿ. ಮೂರು ಪುರುಸೊತ್ತಿದ್ದರೆ. ನಾಲ್ಕು ಬಿಟ್ಟರೆ ನಷ್ಟವಿಲ್ಲ. ಇನ್ನು ಯಾರಾದರೂ ಐದನೆಯದು ಮಾಡೋದಿದ್ದರೆ, ಕ್ಯಾಮೆರಾವನ್ನು ಮನೆಯೊಳಗಿಡಲಿ. ಬಾಗಿಲು ತಟ್ಟೋಕೆ ಮುಂಚೆ ಆ ಮನೆಯಲ್ಲಿ ಬೆಳಿಗ್ಗೆಯಿಂದ ಏನು ನಡೀತಿತ್ತು, ಸಂಜೆ ಆಫೀಸಿಂದ ಬಂದ ಮಗ ಏನು ನೋಡಿದ, ಆಮೇಲೆ ಕೋರ್ಟಿಗೆ ಎಷ್ಟು ವರ್ಷ ಅಲೆದ. ಟಿಕೆಟ್‌ಗೆ ನಾನು ಮೊದಲ ದಿನವೇ ಕ್ಯೂನಲ್ಲಿ ಇರ್ತೀನಿ.