ವಿಮಾನ 'ಸ್ಟಾಲ್' ಆಯಿತು ಎಂದರೆ ಎಂಜಿನ್ ನಿಂತಿತು ಎಂದಲ್ಲ

ಸಣ್ಣ ವಿಮಾನವೊಂದು ಬಿದ್ದ ಸುದ್ದಿ ಬಂದರೆ ಸಾಕು, 'ಸ್ಟಾಲ್ ಆಗಿತ್ತಂತೆ' ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಅದರ ಬೆನ್ನಿಗೇ 'ಅಂದರೆ ಎಂಜಿನ್ ಆಫ್ ಆಗಿದೆ' ಎಂಬ ವಿವರಣೆಯೂ ಬರುತ್ತದೆ. ಕ್ಲಚ್ ಬಿಟ್ಟ ಕೂಡಲೇ ಬೈಕು ಗಕ್ಕೆಂದು ನಿಲ್ಲುವುದನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ವಿಮಾನದ ಸ್ಟಾಲ್ ನಡೆಯುವುದು ರೆಕ್ಕೆಯಲ್ಲಿ. ಎಂಜಿನ್ ಪೂರ್ತಿ ಜೋರಾಗಿ ಓಡುತ್ತಿರುವಾಗಲೂ ವಿಮಾನ ಸ್ಟಾಲ್ ಆಗಬಹುದು. ಎಂಜಿನ್ನೇ ಇಲ್ಲದ ಗ್ಲೈಡರ್ ಕೂಡ ಸ್ಟಾಲ್ ಆಗುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟದ ಸುತ್ತ ತೇಲುವ ಹದ್ದುಗಳನ್ನು ಗಮನಿಸಿ. ರೆಕ್ಕೆ ಬಡಿಯದೆಯೇ ಸುತ್ತು ಹಾಕುತ್ತವೆ. ಬಂಡೆಯ ಅಂಚಿನಲ್ಲಿ ಕೂರಬೇಕೆಂದಾಗ ಮೈಯನ್ನು ಮೇಲೆತ್ತಿ, ರೆಕ್ಕೆಯನ್ನು ಗಾಳಿಗೆ ಅಡ್ಡ ಹಿಡಿಯುತ್ತವೆ. ವೇಗ ಕರಗಿ, ಕೊನೆಯ ಗೇಣುದ್ದವನ್ನು ಹಾರದೆ ಇಳಿಯುತ್ತವೆ. ಅದು ಬೇಕೆಂದೇ ಮಾಡಿದ ಸ್ಟಾಲ್. ನೆಲಕ್ಕೆ ಗೇಣಿದ್ದಾಗ ಅಪಾಯವಿಲ್ಲ, ನೂರಡಿ ಇದ್ದಾಗ ಇದೆ.

ಶಿರಾ ಕಡೆಯ ರಸ್ತೆಯಲ್ಲಿ ಬೈಕಿನ ಹಿಂದೆ ಕೂತಾಗ ಅಂಗೈಯನ್ನು ಗಾಳಿಗೆ ಒಡ್ಡಿದವರಿಗೆ ಇದು ಗೊತ್ತು. (ಬಸ್ಸಿನ ಕಿಟಕಿಯಲ್ಲಿ ಬೇಡ, ಕಂಡಕ್ಟರ್ ಬೈಯುವುದು ಸರಿಯಾಗಿಯೇ ಇದೆ.) ಅಂಗೈಯ ಮುಂಭಾಗವನ್ನು ಸ್ವಲ್ಪ ಎತ್ತಿದರೆ ಕೈ ಮೇಲಕ್ಕೇಳುತ್ತದೆ. ತೀರಾ ಎತ್ತಿದರೆ ಮೇಲೇಳುವುದು ಬಿಟ್ಟು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ರೆಕ್ಕೆಯ ಕಥೆಯೂ ಅದೇ. ಎದುರು ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ ಸುಮಾರು 15 ಡಿಗ್ರಿ ದಾಟಿದರೆ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ವೇಗ ಕಡಿಮೆಯಾದಷ್ಟೂ ಅದೇ ತೂಕವನ್ನು ಹೊರಲು ಪೈಲಟ್ ಮೂತಿಯನ್ನು ಇನ್ನಷ್ಟು ಎತ್ತಬೇಕು. ಕಡಿಮೆ ವೇಗ ಅಪಾಯಕಾರಿ ಎನ್ನುವುದು ಇದಕ್ಕೇ.

ತರಬೇತಿ ಶಾಲೆಗಳಲ್ಲಿ ಸಾಮಾನ್ಯವಾದ ಸೆಸ್ನಾ 172 ನೇರ ಹಾರಾಟದಲ್ಲಿ ಗಂಟೆಗೆ ಸುಮಾರು 90 ಕಿ.ಮೀ. ಆಸುಪಾಸಿನಲ್ಲಿ ಸ್ಟಾಲ್ ಆಗುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ಆ ಮಿತಿ ಶೇ 40ರಷ್ಟು ಏರಿ 125 ಕಿ.ಮೀ. ದಾಟುತ್ತದೆ. ಇಳಿಯುವ ಮುನ್ನ ರನ್‌ವೇ ಕಡೆಗಿನ ಕೊನೆಯ ತಿರುವನ್ನು ಬೋಧಕರು ಒತ್ತಿ ಒತ್ತಿ ಹೇಳುವುದು ಸುಮ್ಮನೆ ಅಲ್ಲ. ತಿರುವು ತಪ್ಪುತ್ತಿದೆ ಎಂದು ಇನ್ನಷ್ಟು ಬಿಗಿಯಾಗಿ ತಿರುಗಿಸಿ, ಜೊತೆಗೆ ಮೂತಿಯನ್ನೂ ಎಳೆದರೆ ಒಂದು ರೆಕ್ಕೆ ಮೊದಲು ಸೋಲುತ್ತದೆ; ವಿಮಾನ ಬುಗುರಿಯಂತೆ ಸುತ್ತತೊಡಗುತ್ತದೆ. 3,000 ಅಡಿಯಲ್ಲಿದ್ದರೆ ಸರಿಪಡಿಸಿಕೊಳ್ಳಬಹುದು. 300 ಅಡಿಯಲ್ಲಿ ನೆಲವೇ ಮೊದಲು ಸಿಗುತ್ತದೆ.

ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಕೊರಟಗೆರೆ, ಪಾವಗಡದಂತಹ ಊರುಗಳು ಸಮುದ್ರಮಟ್ಟದಿಂದ 600ರಿಂದ 800 ಮೀಟರ್ ಎತ್ತರದಲ್ಲಿವೆ. ಏಪ್ರಿಲ್ ಮಧ್ಯಾಹ್ನದ ತೆಳು ಗಾಳಿಯಲ್ಲಿ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕು, ಏರುವುದೂ ನಿಧಾನ.

ಸ್ಟಾಲ್‌ನಿಂದ ಹೊರಬರುವ ದಾರಿ ನಮ್ಮ ಸಹಜ ಬುದ್ಧಿಗೆ ತದ್ವಿರುದ್ಧ. ವಿಮಾನ ಬೀಳುತ್ತಿರುವಾಗಲೇ ಮೂತಿಯನ್ನು ಕೆಳಗೆ ಒತ್ತಬೇಕು. ಭಯವಾದಾಗ ಕೈ ಮಾಡುವುದು ಎಳೆಯುವ ಕೆಲಸ. 2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೊ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಎಚ್ಚರಿಕೆಯಾಗಿ ನಿಯಂತ್ರಣದ ಹಿಡಿಕೆ ತಾನಾಗಿ ನಡುಗಿದಾಗ ಕ್ಯಾಪ್ಟನ್ ಅದನ್ನು ತನ್ನತ್ತ ಎಳೆದಿದ್ದರು. ಅನುಭವಿಗಳಿಗೇ ಹೀಗಾಗುತ್ತದೆ ಎಂದಮೇಲೆ, ಕಲಿಯುವವರು ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಸ್ಟಾಲ್ ಮಾಡಿ ಅಭ್ಯಾಸ ಮಾಡುವುದನ್ನು ಹುಚ್ಚಾಟ ಎನ್ನಲಾಗದು.

ಕಲಿಸುವ ವಿಮಾನವೇ ಸ್ಟಾಲ್‌ನಲ್ಲಿ ಹದವಾಗಿ ನಡೆದುಕೊಳ್ಳದಿದ್ದರೆ? ಬೆಂಗಳೂರಿನ ಎಚ್‌ಎಎಲ್ ಈ ಪ್ರಶ್ನೆಯನ್ನು ವರ್ಷಗಟ್ಟಲೆ ಎದುರಿಸಿತು. ಕಿರಣ್ ಬದಲಿಗೆಂದು ರೂಪಿಸಿದ ಎಚ್‌ಜೆಟಿ-36 'ಸಿತಾರಾ' ತರಬೇತಿ ಜೆಟ್ ಮೊದಲು ಹಾರಿದ್ದು 2003ರ ಮಾರ್ಚ್ 7ರಂದು. 2011ರ ಏಪ್ರಿಲ್‌ನಲ್ಲಿ ಪರೀಕ್ಷೆಯಲ್ಲಿದ್ದ ಒಂದು ವಿಮಾನ ಗಡಿಯಾಚೆ ಕೃಷ್ಣಗಿರಿ ಜಿಲ್ಲೆಯಲ್ಲಿ ಬಿತ್ತು. ಪೈಲಟ್‌ಗಳು ಹೊರಜಿಗಿದು ಬದುಕಿದರು. ಸ್ಟಾಲ್ ಹತ್ತಿರವಾದಂತೆ ಈ ವಿಮಾನ ಒಂದು ಮಗ್ಗುಲಿಗೆ ವಾಲುತ್ತಿದ್ದುದು ಯೋಜನೆಯನ್ನೇ ಕಟ್ಟಿಹಾಕಿತ್ತು. ಕೊನೆಗೆ ಬಾಲದ ಲಂಬ ಭಾಗವನ್ನೇ ಹಿಂದಕ್ಕೆ ಸರಿಸಿ, 2019ರ ಏಪ್ರಿಲ್‌ನಲ್ಲಿ ಮತ್ತೆ ಹಾರಿಸಿದರು. ಎಡಕ್ಕೂ ಬಲಕ್ಕೂ ಆರಾರು ಸುತ್ತು ಸ್ಪಿನ್ ಹಾಕಿ ತೋರಿಸಿದ್ದು 2022ರ ಜನವರಿ ಹೊತ್ತಿಗೆ. ಮೊದಲ ಹಾರಾಟದಿಂದ ಅಲ್ಲಿಗೆ ಹತ್ತಿರಹತ್ತಿರ 19 ವರ್ಷ.