ತೋಟಾದ ತಳದಲ್ಲಿ ಬರೆದಿದ್ದೇನು?

ಅಂಚೆಚೀಟಿ ಕೂಡಿಡುವವರು, ಹಳೆಯ ನಾಣ್ಯ ಕೂಡಿಡುವವರು, ಬೆಂಕಿಪೊಟ್ಟಣದ ಚಿತ್ರಗಳನ್ನು ಪುಸ್ತಕಕ್ಕೆ ಅಂಟಿಸಿಡುವವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಇನ್ನೊಂದು ಬಗೆಯ ಸಂಗ್ರಾಹಕರೂ ಇದ್ದಾರೆ. ಅವರು ಕೂಡಿಡುವುದು ಸೈನಿಕರ ಬಂದೂಕಿನ ತೋಟಾಗಳನ್ನು. ಅವರಿಗೆ ಯುರೋಪಿಯನ್ ಕಾರ್ಟ್ರಿಜ್ ರಿಸರ್ಚ್ ಅಸೋಸಿಯೇಷನ್, ಇಂಟರ್‌ನ್ಯಾಷನಲ್ ಅಮ್ಯುನಿಷನ್ ಅಸೋಸಿಯೇಷನ್ ಎಂಬ ಸಂಘಗಳೂ ಉಂಟು.

ಈ ಮಾತು ಕೇಳಿ ತಂದೆತಾಯಿಯರ ಎದೆ ಝಲ್ಲೆನ್ನುವುದು ಸಹಜ. ಆದರೆ ಈ ಹವ್ಯಾಸದ ಸೊಗಸು ಗುಂಡು ಹಾರಿಸುವುದರಲ್ಲಿಲ್ಲ, ಓದುವುದರಲ್ಲಿದೆ. ಒಂದು ಖಾಲಿ ಹಿತ್ತಾಳೆ ಕೊಳವೆಯನ್ನು ನೋಡಿ ಅದು ಎಲ್ಲಿ, ಯಾವ ವರ್ಷ, ಯಾವ ಬಂದೂಕಿಗಾಗಿ ತಯಾರಾಯಿತು ಎಂದು ಹೇಳುವುದು ಒಂದು ವಿದ್ಯೆ. ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಚರಿತ್ರೆ ಮೂರೂ ಬೆರೆತಿವೆ.

ನಾಲ್ಕು ಭಾಗಗಳ ಪೊಟ್ಟಣ

ತೋಟಾಕ್ಕೆ ಕನ್ನಡದಲ್ಲಿ ಕಾಡತೂಸು ಎಂಬ ಹೆಸರೂ ಇದೆ. ಅದು ಪೋರ್ಚುಗೀಸರಿಂದ ಬಂದ ಪದ. ತೋಟಾದಲ್ಲಿ ನಾಲ್ಕು ಭಾಗಗಳಿರುತ್ತವೆ. ಮುಂದೆ ಗುಂಡು, ಅದನ್ನು ಕಚ್ಚಿ ಹಿಡಿದ ಕೊಳವೆ, ಕೊಳವೆಯೊಳಗೆ ಮದ್ದು, ತಳದ ನಡುವೆ ಕೇಪು. ದೀಪಾವಳಿಯಲ್ಲಿ ಮಕ್ಕಳ ಪಿಸ್ತೂಲಿನಲ್ಲಿ ಚಟ್ ಎನ್ನುವ ಕೇಪಿನ ಹಾಗೆ ಇದೂ ಪೆಟ್ಟು ಬಿದ್ದೊಡನೆ ಕಿಡಿ ಕಾರುತ್ತದೆ. ಆ ಕಿಡಿಯಿಂದ ಮದ್ದು ಉರಿದು ಅನಿಲವಾಗಿ ಗುಂಡನ್ನು ಮುಂದಕ್ಕೆ ದೂಡುತ್ತದೆ. ಗುಂಡು ಹೋಗುತ್ತದೆ, ಕೊಳವೆ ಉಳಿಯುತ್ತದೆ.

ಹಿಂದೆ ಈ ಕೊಳವೆ ಕಾಗದದ್ದಾಗಿತ್ತು. 1857ರ ದಂಗೆಯ ಪಾಠದಲ್ಲಿ ಬರುವ ಕೊಬ್ಬು ಸವರಿದ ತೋಟಾ ಅಂಥದ್ದೇ. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ಎನ್‌ಫೀಲ್ಡ್ ಬಂದೂಕಿನ ನಳಿಗೆಗೆ ಸುರಿಯಬೇಕಾಗಿತ್ತು. ಅಂಥ ತೋಟಾ ಹಾರಿದ ಮೇಲೆ ಓದುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಲೋಹದ ತೋಟಾ ಬಳಕೆಗೆ ಬಂದಿತು. ಯುದ್ಧಭೂಮಿಯಲ್ಲಿ ಉಳಿದುಹೋಗುವ ಸಾಕ್ಷಿ ಅಲ್ಲಿಂದ ಶುರುವಾಯಿತು.

ತಳದ ಬರಹ

ಸೈನ್ಯದ ತೋಟಾದ ತಳದಲ್ಲಿ, ಕೇಪಿನ ಸುತ್ತ, ಕೆಲವು ಅಕ್ಷರ ಮತ್ತು ಅಂಕಿಗಳನ್ನು ಅಚ್ಚು ಒತ್ತಿರುತ್ತಾರೆ. ಒಂದು ಪೆಟ್ಟಿಗೆಯ ತೋಟಾ ಕೈಕೊಟ್ಟರೆ ಅದು ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂದು ಪತ್ತೆ ಹಚ್ಚಲು ಈ ಏರ್ಪಾಡು. ಭೂತಗನ್ನಡಿ ಹಿಡಿದು ಇದನ್ನು ಓದುವುದೇ ಸಂಗ್ರಾಹಕನ ಮೊದಲ ಪಾಠ.

ಒಂದು ತಳದಲ್ಲಿ 'ಕೆ' ಮತ್ತು 'ಎಫ್' ಅಕ್ಷರಗಳೂ 43 ಎಂಬ ಅಂಕಿಯೂ ರೋಮನ್ ಅಂಕಿಯಲ್ಲಿ ಏಳೂ ಇವೆ ಎಂದುಕೊಳ್ಳಿ. ಅದು ಪುಣೆಯ ಬಳಿಯ ಖಡಕಿಯಲ್ಲಿ, ಬ್ರಿಟಿಷರ ಬಾಯಲ್ಲಿ ಕಿರ್ಕಿಯಾಗಿದ್ದ ಊರಿನಲ್ಲಿ, 1943ರಲ್ಲಿ ತಯಾರಾದ 'ತ್ರೀ ನಾಟ್ ತ್ರೀ' ರೈಫಲಿನ ತೋಟಾ. ಏಳು ಎಂಬುದು 1910ರಲ್ಲಿ ಬಂದ ಏಳನೆಯ ಮಾದರಿಯ ಗುರುತು. ಖಡಕಿಯ ಕಾರ್ಖಾನೆ 1869ರಲ್ಲಿ ಶುರುವಾದದ್ದು. 2021ರ ಅಕ್ಟೋಬರಿನಿಂದ ಅದು ಮ್ಯುನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಗೆ ಸೇರಿದೆ. ಬರೀ 'ಕೆ' ಇದ್ದರೆ ಅದು ಬೇರೆಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಂಪನಿಯದು. ಒಂದು ಅಕ್ಷರ ಸವೆದು ಹೋದರೂ ಊರು ಬದಲಾಗುತ್ತದೆ.

ಅಂಕಿಗಳೂ ಹಾಗೆಯೇ ಮೋಸ ಮಾಡುತ್ತವೆ. ಬ್ರಿಟಿಷ್ ತೋಟಾದ ಮೇಲೆ 17 ಎಂದಿದ್ದರೆ ಅದು 1917ರ ಗುರುತು. ಸೋವಿಯತ್ ರಷ್ಯಾದ ತೋಟಾದ ಮೇಲೆ ಕಾರ್ಖಾನೆಯ ಹೆಸರಿನ ಬದಲು ಸಂಖ್ಯೆ ಹಾಕುತ್ತಿದ್ದರು. ಅಲ್ಲಿ 17 ಎಂದರೆ ಸೈಬೀರಿಯಾದ ಬರ್ನಾವುಲ್ ಕಾರ್ಖಾನೆ! ಆದ್ದರಿಂದ ಬರಹವೊಂದನ್ನೇ ನಂಬುವ ಹಾಗಿಲ್ಲ. ಕೊಳವೆಯ ಅಳತೆಯೂ ಆಕಾರವೂ ಅದರ ಜೊತೆಗೆ ಸಾಕ್ಷಿ ಹೇಳಬೇಕು.

ಅಳತೆಯ ಲೆಕ್ಕ

ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ಇಲ್ಲಿ ಕೆಲಸಕ್ಕೆ ಬರುತ್ತದೆ. ತೋಟಾಗಳನ್ನು ಸಾಮಾನ್ಯವಾಗಿ ಎರಡು ಸಂಖ್ಯೆಗಳಿಂದ ಹೆಸರಿಸುತ್ತಾರೆ. ಉದಾಹರಣೆಗೆ 7.62 × 39 ಎಂದರೆ ಮೊದಲನೆಯದು ನಳಿಗೆಯ ಒಳ ಅಗಲ, ಎರಡನೆಯದು ಕೊಳವೆಯ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಇದು ಎ.ಕೆ. 47 ಬಂದೂಕಿನ ತೋಟಾ. ನೇಟೋ ದೇಶಗಳ 7.62 × 51ರ ಮೊದಲ ಸಂಖ್ಯೆಯೂ ಅದೇ. ಆದರೆ ಕೊಳವೆ 12 ಮಿಲಿಮೀಟರ್ ಉದ್ದವಾದ್ದರಿಂದ ಒಂದರ ತೋಟಾ ಇನ್ನೊಂದರ ಬಂದೂಕಿಗೆ ಹೊಂದುವುದಿಲ್ಲ.

ಬ್ರಿಟಿಷರ ಲೆಕ್ಕ ಅಂಗುಲದಲ್ಲಿತ್ತು. 0.303 ಅಂಗುಲವನ್ನು 25.4ರಿಂದ ಗುಣಿಸಿದರೆ 7.7 ಮಿಲಿಮೀಟರ್ ಬರುತ್ತದೆ. ಆದರೆ ಆ ರೈಫಲಿನ ಗುಂಡನ್ನೇ ಅಳೆದರೆ ಸುಮಾರು 7.9 ಮಿಲಿಮೀಟರ್ ಸಿಗುತ್ತದೆ. ಅಳತೆ ತಪ್ಪಿತೆ? ಇಲ್ಲ. ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ತೋಡುಗಳನ್ನು ಕೊರೆದಿರುತ್ತಾರೆ. ಹೆಸರಿನಲ್ಲಿರುವುದು ತೋಡುಗಳ ನಡುವಿನ ಏರುಗಳ ಅಂತರ. ಗುಂಡು ಅದಕ್ಕಿಂತ ತುಸು ದಪ್ಪವಿದ್ದು, ತೋಡುಗಳಿಗೆ ಒತ್ತಿಕೊಂಡು, ಬುಗುರಿಯ ಹಾಗೆ ತಿರುಗುತ್ತ ಹೊರಬೀಳಬೇಕು. ತಿರುಗಿದರೆ ಮಾತ್ರ ಅದು ಅಡ್ಡಾದಿಡ್ಡಿ ಹೊರಳದೆ ನೇರ ಹೋಗುತ್ತದೆ.

ಮುಂದಿನ ಗುರುತು ತಳದ ಅಂಚು. ತ್ರೀ ನಾಟ್ ತ್ರೀಯ ಅಂಚು ಕೊಳವೆಗಿಂತ ಹೊರಕ್ಕೆ ಚಾಚಿದೆ. ಆಮೇಲೆ ಬಂದ ಹಲವು ತೋಟಾಗಳಲ್ಲಿ ಅಂಚು ಕೊಳವೆಯಷ್ಟೇ ಅಗಲವಿದ್ದು, ಅದರ ಮೇಲೆ ಸುತ್ತಲೂ ಒಂದು ಗಾಡಿ ಇರುತ್ತದೆ. ಖಾಲಿ ಕೊಳವೆಯನ್ನು ಹೊರಗೆಳೆಯುವ ಕೊಕ್ಕೆ ಹಿಡಿಯುವುದು ಇಲ್ಲೇ. ಎನ್.ಸಿ.ಸಿ. ಮಕ್ಕಳು ಗುರಿ ಕಲಿಯುವ .22 ರೈಫಲಿನ ತೋಟಾದಲ್ಲಿ ನಡುವೆ ಕೇಪೇ ಕಾಣುವುದಿಲ್ಲ. ಅದರ ಸಿಡಿಯುವ ವಸ್ತು ಅಂಚಿನ ಮಡಿಕೆಯೊಳಗೇ ಇರುತ್ತದೆ.

ಖಾಲಿ ಕೊಳವೆಯ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದರೆ ಇನ್ನೊಂದು ಸುಳಿವು ಸಿಗುತ್ತದೆ. ತಳದ ನಡುವೆ ಒಂದೇ ರಂಧ್ರವಿದ್ದರೆ ಅದು ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಬಗೆ. ಪಕ್ಕಪಕ್ಕದಲ್ಲಿ ಎರಡು ಸಣ್ಣ ರಂಧ್ರಗಳಿದ್ದರೆ ಸಾಮಾನ್ಯವಾಗಿ ಅದು ಅಮೆರಿಕದ ಹಿರಾಮ್ ಬರ್ಡನ್ ರೂಪಿಸಿದ ಬಗೆ. ಎರಡೂ 1866ರ ಸುಮಾರಿನವು. ತಮಾಷೆಯೆಂದರೆ, ಇಂಗ್ಲಿಷನ ಬಗೆ ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವನ ಬಗೆ ಯುರೋಪಿನಲ್ಲಿ. ಕೊನೆಗೆ ಒಂದು ಅಯಸ್ಕಾಂತ. ಅದಕ್ಕೆ ಹಿತ್ತಾಳೆ ಅಂಟುವುದಿಲ್ಲ. ತಾಮ್ರವನ್ನು ಉಳಿಸಲೆಂದು ಜರ್ಮನಿ, ರಷ್ಯಾಗಳು ಉಕ್ಕಿನಲ್ಲಿ ಮಾಡಿದ ಕೊಳವೆಗಳು ತಟ್ಟನೆ ಅಂಟಿಕೊಳ್ಳುತ್ತವೆ.

ಕುದುರೆ ಲಾಯದ ಒಗಟು

ಉಳಿದ ಕಡೆಗಳಲ್ಲಿ ಹಿತ್ತಾಳೆಯೇ ಏಕೆ? ಮದ್ದು ಉರಿದಾಗ ಕೊಳವೆ ಉಬ್ಬಿ ಬಂದೂಕಿನ ಗೂಡಿಗೆ ಬಿಗಿಯಾಗಿ ಅಂಟಬೇಕು. ಇಲ್ಲದಿದ್ದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗೀತು. ಒತ್ತಡ ಇಳಿದೊಡನೆ ಕೊಳವೆ ತುಸು ಕುಗ್ಗಿ ಸಡಿಲವಾಗಲೂ ಬೇಕು. ಇಲ್ಲದಿದ್ದರೆ ಹೊರಗೆ ಬಾರದು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆ ಈ ಎರಡು ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಈ ಮಿಶ್ರಲೋಹಕ್ಕೆ 'ಕಾರ್ಟ್ರಿಜ್ ಬ್ರಾಸ್' ಎಂಬ ಹೆಸರೇ ನಿಂತಿದೆ.

ಆದರೆ ಬ್ರಿಟಿಷ್ ಸೈನ್ಯಕ್ಕೆ ಭಾರತದಲ್ಲಿ ಒಂದು ವಿಚಿತ್ರ ತೊಂದರೆ ಎದುರಾಯಿತು. ಮಳೆಗಾಲದಲ್ಲಿ ಸೈನ್ಯದ ಚಟುವಟಿಕೆ ಕಡಿಮೆ. ತೋಟಾ ಪೆಟ್ಟಿಗೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದು ನೋಡಿದರೆ ಎಷ್ಟೋ ತೋಟಾಗಳ ಹಿತ್ತಾಳೆ ಸೀಳಿರುತ್ತಿತ್ತು. ಅದೂ ಹೆಚ್ಚಾಗಿ ಗುಂಡನ್ನು ಕಚ್ಚಿ ಹಿಡಿದ ಕೊರಳಿನ ಜಾಗದಲ್ಲಿ. ಯಾರೂ ಮುಟ್ಟಿಲ್ಲ, ಯಾರೂ ಹಾರಿಸಿಲ್ಲ, ಆದರೂ ಬಿರುಕು. ಮಳೆಗಾಲಕ್ಕೆ ಬರುವ ಈ ರೋಗಕ್ಕೆ 'ಋತುಬಿರುಕು' ಎಂದೇ ಕರೆದರು.

ಒಗಟು ಬಿಡಿಸಿದವರು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು, 1921ರಲ್ಲಿ. ಲಾಯದಲ್ಲಿ ಕುದುರೆಯ ಮೂತ್ರದಿಂದ ಅಮೋನಿಯ ಅನಿಲ ಏಳುತ್ತದೆ. ತಗಡನ್ನು ತಣ್ಣಗಿದ್ದಾಗಲೇ ಎಳೆದು ಕೊಳವೆ ಮಾಡುವುದರಿಂದ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ಬಿಗಿತವೊಂದೇ ಇದ್ದರೆ ಕೊಳವೆ ತಾಳಿಕೊಳ್ಳುತ್ತದೆ. ಅಮೋನಿಯವೊಂದೇ ಇದ್ದರೂ ಸೀಳುವುದಿಲ್ಲ. ಎರಡೂ ಕೂಡಿದರೆ ಬಿರುಕು. ಪರಿಹಾರವೂ ಸರಳ. ಕೊಳವೆಯ ಕೊರಳನ್ನು ಹದವಾಗಿ ಕಾಯಿಸಿದರೆ ಒಳಗಿನ ಬಿಗಿತ ಸಡಿಲವಾಗುತ್ತದೆ. ಹೀಗೆ ಕಾಯಿಸಿದ ಗುರುತಾಗಿ ಇಂದಿಗೂ ಅನೇಕ ಸೈನಿಕ ತೋಟಾಗಳ ಕೊರಳಲ್ಲಿ ನೀಲಿ-ಕಂದು ಛಾಯೆ ಕಾಣುತ್ತದೆ.

ಹಿತ್ತಾಳೆ ಎಂದೊಡನೆ ಮನೆಗಳಲ್ಲಿ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಹುಣಸೆಯ ಆಮ್ಲ ಕಿಲುಬನ್ನು ಕರಗಿಸಿ ಚೊಂಬನ್ನು ಫಳಫಳ ಮಾಡುತ್ತದೆ, ನಿಜ. ಆದರೆ ಸಂಗ್ರಾಹಕ ತೋಟಾವನ್ನು ಹಾಗೆ ತಿಕ್ಕುವುದಿಲ್ಲ. ತಿಕ್ಕಿದರೆ ಕೊರಳಿನ ಛಾಯೆ ಹೋಗುತ್ತದೆ, ತಳದ ಅಚ್ಚು ಸವೆಯುತ್ತದೆ, ಕೇಪಿನ ಸುತ್ತ ಹಚ್ಚಿದ ಬಣ್ಣ ಅಳಿಸುತ್ತದೆ. ಆ ಬಣ್ಣವೂ ಒಂದು ಬರಹ. ಬ್ರಿಟಿಷರ ತ್ರೀ ನಾಟ್ ತ್ರೀಯಲ್ಲಿ ನೇರಳೆ ಎಂದರೆ ಸಾಮಾನ್ಯ ಗುಂಡು, ಹಸಿರು ಎಂದರೆ ಉಕ್ಕನ್ನು ತೂರುವುದು, ಕೆಂಪು ಎಂದರೆ ಹೋಗುವ ದಾರಿಯನ್ನು ಬೆಳಗಿ ತೋರಿಸುವುದು, ನೀಲಿ ಎಂದರೆ ಬೆಂಕಿ ಹಚ್ಚುವುದು.

ಸಾಕ್ಷಿ ಹೇಳುವ ಖಾಲಿ ಕೊಳವೆ

1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಹಾರಿದ ಗುಂಡುಗಳ ಸಂಖ್ಯೆ 1650 ಎಂದು ಚರಿತ್ರೆಯ ಪುಸ್ತಕಗಳಲ್ಲಿದೆ. ಸೈನಿಕರು ಹೆಕ್ಕಿದ ಖಾಲಿ ತೋಟಾಗಳನ್ನು ಎಣಿಸಿ ಸಿಕ್ಕ ಲೆಕ್ಕ ಅದು ಎನ್ನುತ್ತಾರೆ. ಸತ್ತವರೆಷ್ಟು ಎಂಬುದರ ಬಗ್ಗೆ ವಾದ ಇಂದಿಗೂ ಮುಗಿದಿಲ್ಲ. ಹಿತ್ತಾಳೆಯ ಲೆಕ್ಕ ಮಾತ್ರ ಉಳಿದುಕೊಂಡಿತು.

ಅಮೆರಿಕದ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಬಯಲಿನ ಕತೆ ಇನ್ನೂ ಸ್ವಾರಸ್ಯದ್ದು. 1876ರ ಜೂನಿನಲ್ಲಿ ಅಲ್ಲಿ ಲಕೋಟಾ, ಶೈಯೆನ್ ಯೋಧರು ಸೇನಾಧಿಕಾರಿ ಕಸ್ಟರನ ತುಕಡಿಯನ್ನು ಸುತ್ತುವರಿದು ಸೋಲಿಸಿದರು. ಕಸ್ಟರನ ಜೊತೆಗಿದ್ದ ಸೈನಿಕರಲ್ಲಿ ಒಬ್ಬನೂ ಬದುಕಿ ಬರಲಿಲ್ಲ. 1983ರಲ್ಲಿ ಬೆಂಕಿ ಬಿದ್ದು ಬಯಲಿನ ಹುಲ್ಲೆಲ್ಲ ಸುಟ್ಟುಹೋಯಿತು. ಮರುವರ್ಷ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮೊದಲಾದ ಪುರಾತತ್ವಜ್ಞರು ಲೋಹಶೋಧಕ ಹಿಡಿದು ನೆಲವನ್ನು ಜಾಲಾಡಿದರು. ಸಿಕ್ಕ ಪ್ರತಿಯೊಂದು ಕೊಳವೆಯ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದರು.

ಬಂದೂಕಿನ ಸೂಜಿ ಕೊಳವೆಯ ತಳಕ್ಕೆ ಬಡಿದಾಗ ಬೀಳುವ ಗುರುತು ಬಂದೂಕಿನಿಂದ ಬಂದೂಕಿಗೆ ಬೇರೆ. ಪೊಲೀಸ್ ಪ್ರಯೋಗಾಲಯಗಳಲ್ಲಿ ಮಾಡುವಂತೆ ಈ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದಾಗ ಒಂದೇ ಬಂದೂಕು ಬಯಲಿನಲ್ಲಿ ಎಲ್ಲಿಂದ ಎಲ್ಲಿಗೆ ಸಾಗಿತು ಎಂದು ತಿಳಿಯಿತು. ಸೈನಿಕರ ಕೈಯಲ್ಲಿ ಒಂದೊಂದೇ ತೋಟಾ ತುಂಬುವ ಬಂದೂಕುಗಳಿದ್ದರೆ, ಎದುರಾಳಿಗಳಲ್ಲಿ ಅನೇಕರ ಬಳಿ ಒಂದರ ಹಿಂದೊಂದು ಹಾರಿಸುವ ಹೆನ್ರಿ, ವಿಂಚೆಸ್ಟರ್ ಬಂದೂಕುಗಳಿದ್ದುದೂ ಖಚಿತವಾಯಿತು.

ಇದು ಸಾಧ್ಯವಾದದ್ದು ಆ ಕೊಳವೆಗಳು ಬಿದ್ದಲ್ಲೇ ಇದ್ದುದರಿಂದ. ಯಾರಾದರೂ ಅವನ್ನೆಲ್ಲ ಹೆಕ್ಕಿ ಚೀಲಕ್ಕೆ ತುಂಬಿಕೊಂಡಿದ್ದರೆ ಉಳಿಯುತ್ತಿದ್ದುದು ಬರೀ ಗುಜರಿ. ಸಂಗ್ರಹದ ಬೆಲೆ ಹಿತ್ತಾಳೆಯ ತೂಕದಲ್ಲಿಲ್ಲ, ಅದರ ಜೊತೆಗಿರುವ ವಿವರದಲ್ಲಿದೆ.

ಮುಟ್ಟಬಾರದ್ದು

ಇಷ್ಟು ಓದಿದ ಮಗುವಿಗೆ ಒಂದು ತೋಟಾ ಸಿಕ್ಕರೆ ಹೇಗಿರುತ್ತದೆ ಎಂಬ ಆಸೆ ಮೂಡೀತು. ತಂದೆತಾಯಿಯರು ಗಮನ ಕೊಡಬೇಕಾದ ಮಾತು ಇಲ್ಲಿದೆ. ಗುಂಡು ಇನ್ನೂ ಕೊಳವೆಯಲ್ಲೇ ಇರುವ ತೋಟಾ, ಎಷ್ಟೇ ಹಳೆಯದಾಗಿರಲಿ, ಕಿಲುಬು ಹಿಡಿದಿರಲಿ, ಜೀವಂತವೆಂದೇ ತಿಳಿಯಬೇಕು. ಮಳೆಯಲ್ಲಿ ನೆನೆದ ಮದ್ದು ಒಣಗಿದ ಮೇಲೆ ಮತ್ತೆ ಉರಿಯಬಲ್ಲದು. ಗುಂಡಿಲ್ಲದ ಕೊಳವೆಯಲ್ಲೂ ಪೆಟ್ಟು ಬೀಳದ ಕೇಪು ಉಳಿದಿದ್ದರೆ ಅದು ಕಣ್ಣು ಕಳೆಯಬಲ್ಲದು. ಮೊದಲ ಮಹಾಯುದ್ಧದಲ್ಲಿ ಬೆಂಕಿ ಹಚ್ಚಲು ಬಳಸಿದ ಕೆಲವು ಗುಂಡುಗಳೊಳಗೆ ಬಿಳಿ ರಂಜಕವಿತ್ತು. ಅದು ಗಾಳಿ ಸೋಕಿದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ತೋಟಾವನ್ನು ಸುತ್ತಿಗೆಯಿಂದ ಬಡಿಯುವುದು, ಇಕ್ಕಳದಲ್ಲಿ ಕೀಳುವುದು, ಒಲೆಗೆ ಹಾಕುವುದು ಇವು ಯಾವ ವಯಸ್ಸಿನವರಿಗೂ ಆಟವಲ್ಲ. ಸೈನ್ಯದ ಫೈರಿಂಗ್ ರೇಂಜಿನ ಒಳಗಂತೂ ಕಾಲಿಡಲೇಬಾರದು. ಅಲ್ಲಿ ಸಿಡಿಯದೆ ಉಳಿದ ದೊಡ್ಡ ಷೆಲ್‌ಗಳೂ ಮಣ್ಣಿನಡಿ ಇರಬಹುದು.

ಕಾನೂನೂ ಕಟ್ಟುನಿಟ್ಟಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಒಂದೇ ಒಂದು ಜೀವಂತ ತೋಟಾ ಇಟ್ಟುಕೊಳ್ಳುವುದೂ ಅಪರಾಧ. ಮದ್ದುಗುಂಡು ಎಂಬ ಮಾತಿನ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳನ್ನೂ ಕಾಯ್ದೆ ಸೇರಿಸಿದೆ. ಆದ್ದರಿಂದ ಖಾಲಿ ಕೊಳವೆಯಾದರೂ ಪೊಲೀಸರನ್ನು ಕೇಳದೆ ಮನೆಯಲ್ಲಿ ಇಡುವುದು ಜಾಣತನವಲ್ಲ. ಎನ್.ಸಿ.ಸಿ. ಶಿಬಿರದಲ್ಲಿ ಹಾರಿಸಿದ ತೋಟಾಗಳ ಖಾಲಿ ಕೊಳವೆಗಳನ್ನು ಎಣಿಸಿ ಹಿಂದಕ್ಕೆ ಪಡೆಯುವುದು ಸುಮ್ಮನೆ ಅಲ್ಲ.

ಹಾಗಾದರೆ ವಿದ್ಯಾರ್ಥಿ ಈ ವಿದ್ಯೆಯನ್ನು ಕಲಿಯುವುದು ಹೇಗೆ? ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು. ಮಡಿಕೇರಿಯ ಜನರಲ್ ತಿಮ್ಮಯ್ಯ ಸ್ಮಾರಕದಂಥ ವಸ್ತುಸಂಗ್ರಹಾಲಯಕ್ಕೆ ಹೋದಾಗ ಬಂದೂಕಿನ ಹೆಸರು, ವರ್ಷ, ನಳಿಗೆಯ ಅಳತೆ ಬರೆದುಕೊಳ್ಳಬಹುದು. ಪುಸ್ತಕದಲ್ಲಿ ತೋಟಾದ ಚಿತ್ರ ಸಿಕ್ಕರೆ ತಳದ ವೃತ್ತ ಬರೆದು, ಅಕ್ಷರಗಳನ್ನು ಇದ್ದಲ್ಲೇ ತುಂಬಿ, ಪಕ್ಕದಲ್ಲಿ ಕಾರ್ಖಾನೆ, ವರ್ಷ, ದೇಶ ಎಂದು ಮೂರು ಸಾಲು ಹಾಕಬಹುದು. ಗೊತ್ತಾಗದ್ದರ ಮುಂದೆ ಪ್ರಶ್ನೆಯ ಗುರುತು ಇರಲಿ. ಉತ್ತರ ಸಿಕ್ಕ ದಿನ ಅದನ್ನು ಅಳಿಸಿದರಾಯಿತು. ಹೊಲದಲ್ಲೋ ಹಳೆಯ ಮನೆಯ ಅಟ್ಟದಲ್ಲೋ ನಿಜವಾದ ತೋಟಾ ಕಣ್ಣಿಗೆ ಬಿದ್ದರೆ ಅದನ್ನು ಮುಟ್ಟದೆ, ಜಾಗವನ್ನು ನೆನಪಿಟ್ಟುಕೊಂಡು, ಹಿರಿಯರಿಗೆ ಹೇಳಿ 112ಕ್ಕೆ ಫೋನ್ ಮಾಡಿಸಬೇಕು.